ಅಣವೀರಪ್ಪನ ಟೇಬಲ್ಲು

"ಎಡಕ್ಕ ಎಳಿ, ಎಡಕ್ಕ! ಗಾಲಿ ಗಟಾರಕ್ಕ ಬೀಳ್ತೈತಿ!" ಎಂದು ಶಾಂತಪ್ಪ ಕೂಗುವುದಕ್ಕೂ ಟೇಬಲ್ಲಿನ ಮುಂದಿನ ಗಾಲಿ ಗಟಾರದ ಚಪ್ಪಡಿಯ ಸಂದಿಗೆ ಸಿಕ್ಕಿಕೊಳ್ಳುವುದಕ್ಕೂ ಸರಿಹೋಯಿತು. ಶಿವಕುಮಾರಿ ಓಢಣಿಯನ್ನು ಸೊಂಟಕ್ಕೆ ಬಿಗಿದು, ಕಬ್ಬಿಣದ ಅಂಚಿಗೆ ಹೆಗಲು ಕೊಟ್ಟು ನೂಕಿದಳು. ಗಾಲಿ ಕಿರ್ರೆಂದು ಮೇಲೆದ್ದಿತು. ಚೆಂಬೂರಿನ ಆ ಗಲ್ಲಿಯಲ್ಲಿ ಎರಡು ಸೈಕಲ್ಲು ಎದುರಾದರೆ ಒಂದು ಹಿಂದೆ ಸರಿಯಲೇಬೇಕು. ಗಲ್ಲಿಯ ಬಾಯಲ್ಲಿ ಆಂಬುಲೆನ್ಸ್ ನಿಂತು ಕಾಲು ಗಂಟೆಯಾಗಿತ್ತು. ಡ್ರೈವರನಿಗೆ ಇನ್ನೊಂದು ಕರೆ ಬಂದಿತ್ತು, ತನ್ನ ಸ್ಟ್ರೆಚರು ವಾಪಸು ಬೇಕೆಂದು ಹಾರ್ನ್ ಮೇಲೆ ಹಾರ್ನ್ ಹೊಡೆಯುತ್ತಿದ್ದ. ಆ ಸ್ಟ್ರೆಚರಿನ ಮೇಲೆ ಅವಳ ಅಪ್ಪ ಅಣವೀರಪ್ಪ ಬಿಳಿ ಬಟ್ಟೆ ಸುತ್ತಿಸಿಕೊಂಡು ಮಲಗಿದ್ದ.

ಎದೆನೋವೆಂದು ಸೇರಿಸಿದ್ದ ಆಸ್ಪತ್ರೆಯಲ್ಲಿ ಹಿಂದಿನ ದಿನ ಸಂಜೆ ನಾಲ್ಕಕ್ಕೆ ಅವನ ಉಸಿರು ನಿಂತಿತ್ತು. ಮಗ ಶರಣು ಟೆಂಪೊದಲ್ಲಿ ಮಾಲು ತುಂಬಿಕೊಂಡು ಸೂರತ್ತಿಗೆ ಹೋಗಿದ್ದರಿಂದ ಅವನು ಬರುವ ತನಕ ಹೆಣವನ್ನು ಆಸ್ಪತ್ರೆಯ ತಣ್ಣನೆಯ ಪೆಟ್ಟಿಗೆಯಲ್ಲೇ ಇಡಿಸಿದ್ದರು. ಈಗ ತಂದರೆ ಇಡುವುದೆಲ್ಲಿ? ಮನೆಯೆಂದರೆ ಹತ್ತಡಿಗೆ ಹತ್ತಡಿಯ ಒಂದು ಖೋಲಿ, ಅದರ ಮುಂದೊಂದು ತಗಡಿನ ಚಪ್ಪರ. ಖೋಲಿಯ ತುಂಬ ಹೆಂಗಸರು ಕೂತಿದ್ದರು. ನೆಲದ ಮೇಲೆ ಇಡೋಣವೆಂದರೆ ಬೆಳಗಿನ ನಲ್ಲಿ ನೀರು ಹರಿದು ಗಲ್ಲಿಯೆಲ್ಲ ಒದ್ದೆ. ಆಗ ಶಿವಕುಮಾರಿಗೆ ಚಪ್ಪರದ ಕೆಳಗಿನ ಟೇಬಲ್ಲು ನೆನಪಾಯಿತು. ಅಪ್ಪ ಏಳು ತಿಂಗಳು ಒದ್ದಾಡಿ ಕಟ್ಟಿ, ಮೊನ್ನೆ ಭಾನುವಾರ ನಾಲ್ಕನೆಯ ಗಾಲಿ ಹಾಕಿ ಮುಗಿಸಿದ ವೆಲ್ಡಿಂಗ್ ಟೇಬಲ್ಲು. ಅದರ ಮೇಲೆ ಇನ್ನೂ ಒಂದು ಕಿಡಿಯೂ ಬಿದ್ದಿರಲಿಲ್ಲ.

ಶಾಂತಪ್ಪ, ಶರಣು, ಪಕ್ಕದ ಹೋಟೆಲಿನ ಕೊರಗಪ್ಪ, ಆ ಅವಸರದ ಡ್ರೈವರು, ನಾಲ್ವರೂ ಸೇರಿ ಎತ್ತಿ ಟೇಬಲ್ಲಿಗೆ ಸರಿಸಿದರು. ಟೇಬಲ್ಲಿನ ಪ್ಲೇಟು ಐದಡಿ ಉದ್ದ. ತಲೆ ಒಂದು ಅಂಚಿಗೆ ತಾಗಿತು, ಪಾದಗಳು ಇನ್ನೊಂದು ಅಂಚು ದಾಟಿ ಹತ್ತಿರ ಹತ್ತಿರ ಒಂದಡಿ ಹೊರಗೆ ಬಂದವು.

"ಇಷ್ಟುದ್ದ ಇದ್ನೇನಲೇ ಇವಾ?" ಎಂದ ಶಾಂತಪ್ಪ. ಮೂವತ್ತು ವರ್ಷ ಅಣವೀರಪ್ಪನ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ಮುಂಬಯಿಯ ಕಿಟಕಿಗಳಿಗೆ ಗ್ರಿಲ್ಲು ಬೆಸೆದವನು ಅವನು.

"ಎಂತ ಎತ್ತರ ಮಾರಾಯ್ರೆ," ಎಂದ ಕೊರಗಪ್ಪ. "ನಾನು ದಿನಕ್ಕೆ ಮೂರು ಸಲ ಇವರಿಗೆ ಚಾ ಕೊಟ್ಟಿದ್ದೇನೆ. ಯಾವಾಗಲೂ ಬಗ್ಗಿಯೇ ಕೊಟ್ಟದ್ದು."

ಶಿವಕುಮಾರಿ ಆ ಪಾದಗಳನ್ನು ನೋಡದೆ ಟೇಬಲ್ಲು ತಿರುಗಿಸಿ ಮನೆಯ ಕಡೆಗೆ ನೂಕಿದಳು. ಮೂವತ್ತನಾಲ್ಕು ವರ್ಷದ ಹೆಣ್ಣು, ಔಷಧದ ಕಾರ್ಖಾನೆಯೊಂದರ ಪ್ಯಾಕಿಂಗ್ ವಿಭಾಗದಲ್ಲಿ ದಿನಕ್ಕೆ ಒಂಬತ್ತು ತಾಸು ನಿಂತೇ ದುಡಿಯುವವಳು, ಅವಳ ತೋಳಿಗೆ ಬಲವಿತ್ತು. ಆ ಕಾಲುಗಳು ಹಾಗೆ ನೆಟ್ಟಗಿರಬಾರದಿತ್ತು. ನೆಟ್ಟಗಿರಲು ಕಾರಣ ತಾನು ಎಂಬುದು ಇಡೀ ಗಲ್ಲಿಯಲ್ಲಿ ಅವಳೊಬ್ಬಳಿಗೆ ಮಾತ್ರ ಗೊತ್ತಿತ್ತು.

ಒಂಬತ್ತೂವರೆಗೆ ವಡಾಲದಿಂದ ಸಂಗಪ್ಪ ಬಂದ. ಬಂದರಿನಲ್ಲಿ ಕೆಲಸ ಮಾಡಿ ನಿವೃತ್ತನಾದ ಎಪ್ಪತ್ತೆರಡರ ಮುದುಕ. ವಿಜಯಪುರ ಕಡೆಯ ಲಿಂಗಾಯತರ ಮನೆಯಲ್ಲಿ ಸಾವಾದರೆ ಮೊದಲ ಫೋನು ಅವನಿಗೇ ಹೋಗುತ್ತಿತ್ತು. ಒಂದು ಕೈಚೀಲದಲ್ಲಿ ವಿಭೂತಿ, ಇನ್ನೊಂದರಲ್ಲಿ ಹತ್ತಿಯ ಹಗ್ಗ ಹಿಡಿದು ಯಾವ ಲೋಕಲ್ಲು ಸಿಕ್ಕರೆ ಆ ಲೋಕಲ್ಲು ಹಿಡಿದು ಬಂದುಬಿಡುತ್ತಿದ್ದ. ಬಂದವನು ಯಾರನ್ನೂ ಮಾತಾಡಿಸದೆ ಬಟ್ಟೆ ಸರಿಸಿ ಅಣವೀರಪ್ಪನ ಮೊಣಕಾಲಿನ ಮೇಲೆ ಕೈಯಿಟ್ಟ. ಒತ್ತಿ ನೋಡಿದ. ಮೊಣಕಾಲು ಜಪ್ಪಯ್ಯ ಅನ್ನಲಿಲ್ಲ.

"ಇವನ್ನ ಹಿಂಗ ಉದ್ದಕ ಮಲಗಿಸಿದವರು ಯಾರು?"

ಸಂಗಪ್ಪ ಬಟ್ಟೆಯನ್ನು ಮತ್ತೆ ಎಳೆದು ಮುಚ್ಚಿದ.

"ಅಲ್ರೋ, ನಮ್ಮ ಮಂದಿ ಹೌದೋ ಅಲ್ಲೋ ನೀವು? ಜೀವ ಹೋದ ಕೂಡ್ಲೇ ಮೈ ಬೆಚ್ಚಗ ಇರೂದ್ರಾಗ ಕಾಲ ಮಡಿಚಿ, ಗ್ವಾಡಿಗೆ ಆನಿಸಿ, ಹಗ್ಗಾ ಕಟ್ಟಿ ಕುಂಡ್ರಸಬೇಕು. ರುದ್ರಭೂಮ್ಯಾಗ ಕುಂತಾಂವಗ ಅಂತ ಕುಣಿ ತಗದಾರ. ಮೂರಡಿ ಅಗಲ, ಆಳ ಆಳುದ್ದ. ಈ ಉದ್ದಾನ ಹೆಣ ಅದರಾಗ ಹೆಂಗ ಇಡ್ಲಿ, ಹೇಳ್ರಿ?"

ಬಾಗಿಲಲ್ಲಿ ಕೂತಿದ್ದ ಹಾಲವ್ವ ತಲೆಯೆತ್ತಿದಳು. ಅಣವೀರಪ್ಪನ ಹೆಂಡತಿ. ನಿನ್ನೆ ಮಧ್ಯಾಹ್ನ ಗಂಡನಿಗೆ ಗಂಜಿ ಮಾಡಿ ತರುತ್ತೇನೆಂದು ಆಸ್ಪತ್ರೆಯಿಂದ ಮನೆಗೆ ಬಂದವಳಿಗೆ ಗಂಜಿ ಕುದಿಯುವಾಗಲೇ ಸುದ್ದಿ ಮುಟ್ಟಿತ್ತು. "ನಾ ಫೋನಿನ್ಯಾಗ ಹೇಳೀನಿ ಅಣ್ಣಾರ. ಅಳಕೋತನ ಹೇಳೀನಿ. ಕಾಲ ಮಡಿಚಸಬೇ, ಲಗೂನ ಮಡಿಚಸು ಅಂತ ಮೂರು ಸಲ ಹೇಳೀನಿ."

ಎಲ್ಲರ ಕಣ್ಣೂ ಶಿವಕುಮಾರಿಯ ಮೇಲೆ ಬಿತ್ತು.

"ಕೇಳಿಸಲಿಲ್ಲಬೇ," ಎಂದಳು ಅವಳು. "ದವಾಖಾನ್ಯಾಗ ಬಾಳ ಗದ್ಲ ಇತ್ತು."

"ಕ್ಯಾ ಅಕ್ಕಾ," ಎಂದ ಶರಣು. ರಾತ್ರಿಯಿಡೀ ಗಾಡಿ ಓಡಿಸಿ ಅವನ ಕಣ್ಣು ಕೆಂಪಾಗಿತ್ತು. "ನಂಗ್ ಗೊತ್ತಿಲ್ಲ ಅಂದ್ರ ಒಂದು ಮಾತು. ನಿಂಗೂ ಗೊತ್ತಿಲ್ಲೇನು?"

"ಗದ್ಲ ಇತ್ತು ಅಂದ್ನೆಲ್ಲೋ."

ಸಂಗಪ್ಪ ಹಗ್ಗದ ಚೀಲ ಕೆಳಗಿಟ್ಟು ತೋಳು ಏರಿಸಿದ. "ಹೋಗ್ಲಿ. ಇಂಥಾವು ಮೂರ್ನಾಕು ಆಗ್ಯಾವು ನನ್ನ ಕೈಯಾಗ. ಬಿಸಿ ನೀರು ತರ್ರಿ, ಎಣ್ಣಿ ತರ್ರಿ. ಕಾಸಿ, ತಿಕ್ಕಿ, ಜರಾ ಜೋರಲೇ ಒತ್ತಿದ್ರ ಮಡಚತೈತಿ. ಒಂದು ಸಪ್ಪಳ ಬರ್ತೈತಿ. ಹೆದರಬ್ಯಾಡ್ರಿ."

ನೀರಿನ ನೆಪ ಸಿಕ್ಕಿದ್ದೇ ಶಿವಕುಮಾರಿ ಅಲ್ಲಿಂದ ಕಾಲ್ತೆಗೆದಳು.

*

ಅಣವೀರಪ್ಪ ಕುಕ್ಕರಗಾಲಲ್ಲಿ ಕೂತು ಕಳೆದದ್ದು ನಲವತ್ತೊಂದು ವರ್ಷ. ಇಪ್ಪತ್ತನೆಯ ವಯಸ್ಸಿಗೆ ಇಂಡಿಯಿಂದ ಮುಂಬಯಿಗೆ ಬಂದು ವೆಲ್ಡಿಂಗ್ ಹೋಲ್ಡರು ಹಿಡಿದವನು, ನೆಲದ ಮೇಲೆ ಕಬ್ಬಿಣ ಹರವಿಕೊಂಡು, ಹಿಮ್ಮಡಿಯ ಮೇಲೆ ಕೂತು ಬೆಸೆಯುತ್ತಲೇ ಹೋದ. ಕಾಂದಿವಲಿಯ ಕಟ್ಟಡಗಳಿಗೆ ಗ್ರಿಲ್ಲು, ಚೆಂಬೂರಿನ ಕಾಲೊನಿಗಳಿಗೆ ಗೇಟು, ಯಾರದೋ ಬಾಲ್ಕನಿಗೆ ತುಳಸಿ ಇಡುವ ಸ್ಟ್ಯಾಂಡು. ಊರಿನ ಮಂದಿ ನಿಂತು ನೋಡುವುದನ್ನೆಲ್ಲ ಅವನು ಕೂತು ಮಾಡಿದ.

ಆಮೇಲೆ ಮೊಣಕಾಲು ಮುಷ್ಕರ ಹೂಡಿತು. ನಾಲ್ಕು ವರ್ಷದ ಹಿಂದೆ ಕೂತರೆ ಏಳುವುದು ಕಷ್ಟವಾಯಿತು. ಎರಡು ವರ್ಷದಿಂದ ಕೂರುವುದೇ ಯಾತನೆಯಾಯಿತು. ಮೊಣಕಾಲು ಮಡಿಚಿದರೆ ಕಟ್ ಎಂದು ಸಪ್ಪಳವಾಗುತ್ತಿತ್ತು, ಅವನ ಮುಖ ಒಮ್ಮೆಲೇ ಕಿವುಚಿಕೊಳ್ಳುತ್ತಿತ್ತು. ಬಾಯಿಂದ ಮಾತ್ರ ಹಾ ಎಂದವನಲ್ಲ. ನೆಲಕ್ಕೆ ಕೂತು ಉಣ್ಣುವುದನ್ನು ಬಿಟ್ಟು ಸ್ಟೂಲಿನ ಮೇಲೆ ತಟ್ಟೆ ಹಿಡಿದು ಉಣ್ಣತೊಡಗಿದ. ಕೂತು ಕೆಲಸ ಮಾಡಬೇಡಿ ಎಂದು ಡಾಕ್ಟರು ಹೇಳಿದ ದಿನ ಮನೆಗೆ ಬಂದು ಸುಮ್ಮನೆ ಬಾಗಿಲಲ್ಲಿ ನಿಂತಿದ್ದ.

ಅದೇ ವಾರ ಚಪ್ಪರಕ್ಕೆ ಚೌಕದ ಪೈಪುಗಳು ಬಂದು ಬಿದ್ದವು. ಹೊರಗಿನ ಕೆಲಸ ಬಿಟ್ಟು ಮನೆಯ ಮುಂದೆಯೇ ಸಣ್ಣ ಕೆಲಸ ಹಿಡಿಯುತ್ತೇನೆಂದೂ, ಅದಕ್ಕೊಂದು ಟೇಬಲ್ಲು ಬೇಕೆಂದೂ ಅವನ ಲೆಕ್ಕ. ಬರೀ ಟೇಬಲ್ಲಲ್ಲ. ಏರಬೇಕು, ಇಳಿಯಬೇಕು, ಬೇಕಾದಲ್ಲಿಗೆ ಉರುಳಬೇಕು. ದಪ್ಪ ಪೈಪಿನೊಳಗೆ ಸಣ್ಣ ಪೈಪು ಜಾರುವಂತೆ ನಾಲ್ಕು ಕಾಲು ಮಾಡಿದ. ನಡುವೆ ಒಂದು ಗಾಡಿಯ ಜ್ಯಾಕ್ ಕೂರಿಸಿದ. ಪ್ರತಿ ಕಾಲಿಗೆ ಮೂರು ತೂತು, ಜ್ಯಾಕ್ ಒತ್ತಿ ಎತ್ತರಿಸಿ ತೂತಿಗೆ ಪಿನ್ನು ತೂರಿಸಿದರೆ ಟೇಬಲ್ಲು ಅಲ್ಲಿಗೇ ನಿಲ್ಲುತ್ತದೆ. ಗಾಲಿಗಳಿಗಾಗಿ ಎರಡು ತಿಂಗಳು ಗುಜರಿ ಅಂಗಡಿಗಳನ್ನು ಸುತ್ತಿ, ಕಡೆಗೆ ಯಾವುದೋ ಆಸ್ಪತ್ರೆಯ ಮುರಿದ ಸ್ಟ್ರೆಚರಿನಿಂದ ಬ್ರೇಕಿರುವ ನಾಲ್ಕನ್ನು ಕಿತ್ತು ತಂದ.

ಕಟ್ಟಿದ್ದನ್ನು ಕತ್ತರಿಸುವುದು, ಕತ್ತರಿಸಿದ್ದನ್ನು ಮತ್ತೆ ಕಟ್ಟುವುದು. ನಾಲ್ಕು ಕಾಲಿನ ತೂತು ಒಂದೇ ಮಟ್ಟಕ್ಕೆ ಬರಲಿಲ್ಲವೆಂದು ಎರಡು ಸಲ ಹೊಸ ಪೈಪು ತಂದ. ನಲವತ್ತು ವರ್ಷ ಒಂದೇ ಕಡೆ ಕೂತಿದ್ದ ಮನುಷ್ಯ ಈಗ ಮೂಲೆ ಅಳೆಯುವ ಗುನಿಯಾ ಹಿಡಿದು ಟೇಬಲ್ಲಿನ ಸುತ್ತ ಕಾಲು ಸುಟ್ಟ ಬೆಕ್ಕಿನಂತೆ ಓಡಾಡತೊಡಗಿದ್ದ.

"ನಿಂತ ಬೆಸೀತೀಯೇನಲೇ? ಸಾಹೇಬ ಆಗಾಂವದೀಯೇನು?" ಎಂದು ಶಾಂತಪ್ಪ ನಕ್ಕಿದ್ದ.

"ಹೂಂ ಆಗ್ತೀನಿ. ನೀ ಚಾ ತಂದುಕೊಡು," ಎಂದಿದ್ದ ಅಣವೀರಪ್ಪ.

ಶಿವಕುಮಾರಿ ಕೆಲಸದಿಂದ ಬಂದು ಬಾತ ಪಾದಗಳನ್ನು ನೀರಿಗೆ ಇಳಿಬಿಟ್ಟು ಕೂತಾಗ ಅಪ್ಪ ಬಾಗಿಲಿಗೆ ಒರಗಿ ನಿಲ್ಲುತ್ತಿದ್ದ. "ನಿನಗ ನಿಂತ ನಿಂತ ಸಾಕಾಗೈತಿ, ನನಗ ಕುಂತ ಕುಂತ. ಕಾಲ ಅದ್ಲಿಬದ್ಲಿ ಮಾಡೂಣೇನಬೇ?" ಎನ್ನುತ್ತಿದ್ದ. ಒಂದು ದಿನ ಹಾಗೆಯೇ ನಗುತ್ತ ಹೇಳಿದ್ದ: "ಸತ್ತಮ್ಯಾಲರ ಬಿಡ್ತಾರೇನು? ನಮ್ಮ ಮಂದಿ ಕುಂಡ್ರಿಸೇ ಒಯ್ಯೂದು. ಆ ಸಂಗಪ್ಪಗ ಹೇಳಿಡು ನೀನು, ಮಡಚೂಕಿಂತ ಮೊದಲ ಜರಾ ಗ್ರೀಸ್ ಹಾಕಪಾ ಅಂತ."

ಅವಳು ಆಗ ನಕ್ಕಿದ್ದಳು.

*

ಕೊರಗಪ್ಪ ಹೋಟೆಲಿನ ಬಾಯ್ಲರಿನಿಂದ ಎರಡು ಬಕೆಟ್ಟು ಕುದಿನೀರು ತುಂಬಿಸಿಕೊಟ್ಟ. "ನಾನೇ ತರ್ತೇನೆ ಮಗಾ, ನೀನು ಬಿಡು. ಕೈ ಸುಟ್ಟುಕೊಳ್ತೀ," ಎಂದರೂ ಅವಳು ಕೇಳದೆ ಒಂದನ್ನು ಎತ್ತಿಕೊಂಡು ಹೊರಟಳು. ಅರ್ಧ ದಾರಿಗೆ ಬಂದು ನಿಂತಳು. ಈ ನೀರು ಮುಟ್ಟಿದರೆ ಅಲ್ಲಿ ಕೆಲಸ ಶುರುವಾಗುತ್ತದೆ. ಬಕೆಟ್ಟು ಕೆಳಗಿಟ್ಟಳು, ಮತ್ತೆ ಎತ್ತಿದಳು, ಮತ್ತೆ ಇಟ್ಟಳು. ನೀರು ತಣ್ಣಗಾದರೆ ಸಂಗಪ್ಪ ಕಾಕಾ ಇನ್ನೊಂದು ಬಕೆಟ್ಟು ಕೇಳುತ್ತಾನೆ, ಅಷ್ಟೇ. ಎತ್ತಿಕೊಂಡು ನಡೆದಳು.

ಗಂಡಸರು ಚಪ್ಪರಕ್ಕೆ ಸೀರೆ ಕಟ್ಟಿ ಮರೆ ಮಾಡಿದ್ದರು. ಬಕೆಟ್ಟು ಒಳಗೆ ಹೋಯಿತು, ಎಣ್ಣೆಯ ಬಟ್ಟಲು ಹೋಯಿತು. ಶಿವಕುಮಾರಿ ಖೋಲಿಯೊಳಗೆ ಹೋಗಿ ಕೂತಳು, ಎದ್ದಳು. ಡಬ್ಬಿಯಲ್ಲಿದ್ದ ಪತ್ರಿಯ ಎಲೆಗಳನ್ನು ತೆಗೆದು ಒರೆಸಿದಳು, ಒರೆಸಿದ್ದನ್ನೇ ಮತ್ತೆ ಒರೆಸಿದಳು. ಯಾರಿಗೋ ನೀರು ಬೇಕೆಂದರು, ಕೊಟ್ಟಳು. ಚಾರ್ಜರು ಎಲ್ಲಿ ಎಂದರು, ಹುಡುಕಿದಳು. ಕಾಲಿಗೆ ಚಕ್ರ ಕಟ್ಟಿಕೊಂಡವಳ ಹಾಗೆ ಒಳಗೂ ಹೊರಗೂ ತಿರುಗುತ್ತಿದ್ದ ಮಗಳನ್ನು ಹಾಲವ್ವ ಕೂತಲ್ಲಿಂದಲೇ ನೋಡುತ್ತಿದ್ದಳು.

ಸೀರೆಯ ಆಚೆಯಿಂದ ಸಂಗಪ್ಪನ ದನಿ ಕೇಳುತ್ತಿತ್ತು. "ಹಾಕು ನೀರು. ಇನ್ನೊಂದಿಷ್ಟು. ತಿಕ್ಕೋ ಶಾಂತಪ್ಪಾ, ಮೆತ್ತಗ ತಿಕ್ಕಿದ್ರ ಬಗ್ಗೂದಿಲ್ಲ ಇದು."

ಆಮೇಲೆ ಎಣ್ಣೆಯ ಬಟ್ಟಲನ್ನು ನೆಲಕ್ಕಿಟ್ಟ ಸದ್ದಾಯಿತು.

"ಶರಣು, ನೀ ತೊಡಿ ಮ್ಯಾಲ ಕುಂತಹಂಗ ಹಿಡಿ. ಶಾಂತಪ್ಪ, ನೀ ಹಿಮ್ಮಡ ಹಿಡಿ. ನಾ ಮಣಕಾಲ ಒತ್ತತೀನಿ. ಜೀವಿಲ್ಲದ ದೇಹ ಅದು, ನೋವಾಗೂದಿಲ್ಲ, ಅನುಮಾನ ಮಾಡಬ್ಯಾಡ್ರಿ. ಹೂಂ, ಒಂದು, ಎರಡು..."

"ಬ್ಯಾಡಾ!"

ಯಾವಾಗ ಓಡಿದಳೋ, ಸೀರೆ ಹೇಗೆ ಕಿತ್ತು ಬಂತೋ, ಶಿವಕುಮಾರಿ ಟೇಬಲ್ಲಿನ ಮೇಲೆ ಎರಡೂ ಕೈ ಚಾಚಿ ಅಪ್ಪನ ಮೊಣಕಾಲುಗಳನ್ನು ತಬ್ಬಿಕೊಂಡಿದ್ದಳು. ಬ್ರೇಕು ಒತ್ತದ ಟೇಬಲ್ಲು ಅವಳ ಭಾರಕ್ಕೆ ಉರುಳಿ ಗೋಡೆಗೆ ಢಿಕ್ಕಿ ಹೊಡೆಯಿತು. ಸಂಗಪ್ಪ ಹಿಂದೆ ಸರಿದ.

"ಏನ್ ಮಾಡ್ತೀಯಬೇ ಹುಚ್ಚೀಹಂಗ?"

"ನನಗ ಕೇಳಿಸಿತ್ತು ಕಾಕಾ. ಅವ್ವ ಹೇಳಿದ್ದು ಮೂರೂ ಸಲ ಕೇಳಿಸಿತ್ತು. ನಾನ ಮಡಿಚಿಸಿಲ್ಲ."

*

ನಿನ್ನೆ ವಾರ್ಡಿನಲ್ಲಿ ಪರದೆ ಎಳೆದಿದ್ದರು. ಅಪ್ಪನ ಮೈ ಇನ್ನೂ ಬೆಚ್ಚಗಿತ್ತು. ಕಿವಿಯಲ್ಲಿ ಫೋನು, ಫೋನಿನಲ್ಲಿ ಅವ್ವನ ಅಳು. ಫೋನನ್ನು ಭುಜಕ್ಕೆ ಒತ್ತಿ ಹಿಡಿದು ಶಿವಕುಮಾರಿ ಎರಡೂ ಕೈಯಿಂದ ಅಪ್ಪನ ಬಲ ಮೊಣಕಾಲನ್ನು ಹಿಡಿದಳು. ಮೆಲ್ಲಗೆ ಎತ್ತಿದಳು. ಇನ್ನೂ ಅರ್ಧ ಮಡಿಚಿರಲಿಲ್ಲ, ಒಳಗೆ ಕಟ್ ಎಂದಿತು.

ಅವಳ ಕಣ್ಣು ತಾನಾಗಿ ಅಪ್ಪನ ಮುಖಕ್ಕೆ ಹೋಯಿತು. ಎರಡು ವರ್ಷದಿಂದ ಆ ಸಪ್ಪಳವಾದಾಗಲೆಲ್ಲ ಹಾಗೆ ನೋಡಿ ಅಭ್ಯಾಸ. ಮುಖ ಕಿವುಚಿಕೊಳ್ಳುತ್ತದೆ ಎಂದು ಕಾದಳು. ಅದು ಕಿವುಚಿಕೊಳ್ಳಲಿಲ್ಲ. ಅಪ್ಪ ಸತ್ತಿದ್ದಾನೆ ಎಂಬುದು ಅವಳಿಗೆ ನಿಜವಾಗಿ ತಿಳಿದದ್ದು ಆಗಲೇ. ಕಾಲನ್ನು ಹಾಗೆಯೇ ಇಳಿಸಿ ನೆಟ್ಟಗೆ ಮಾಡಿದಳು. ಮಂಚದ ಈ ತುದಿಯಿಂದ ಆ ತುದಿಯವರೆಗೆ ಅಪ್ಪ ಉದ್ದಕ್ಕೆ ಮಲಗಿದ್ದ. ಅಷ್ಟು ಆರಾಮಾಗಿ ಅವನು ಮಲಗಿದ್ದನ್ನು ಅವಳು ಯಾವತ್ತೂ ಕಂಡಿರಲಿಲ್ಲ.

"ಪೈರ್ ಸೀಧಾ ಬಾಂಧ್ ದೂಂ ಕ್ಯಾ?" ಎಂದು, ಕಾಲು ನೆಟ್ಟಗೆ ಕಟ್ಟಿಬಿಡಲೇ ಎಂದು, ಆಯಾ ಕೇಳಿದಳು. ಅವಳ ಕೈಯಲ್ಲಿ ಬ್ಯಾಂಡೇಜಿನ ಪಟ್ಟಿಯಿತ್ತು.

ಫೋನಿನಲ್ಲಿ ಅವ್ವ ಮೂರನೆಯ ಸಲ ಹೇಳುತ್ತಿದ್ದಳು.

"ಬಾಂಧ್ ದೋ," ಎಂದಳು ಶಿವಕುಮಾರಿ.

*

ಶಿವಕುಮಾರಿ ಇದನ್ನು ಹೇಳಿ ಮುಗಿಸಿದಾಗ ಹಾಲವ್ವ ಗೋಡೆ ಹಿಡಿದು ಎದ್ದಳು. ನಿಧಾನವಾಗಿ ಬಂದು ಟೇಬಲ್ಲಿನ ಪಕ್ಕ ನಿಂತಳು. ಮಗಳ ಕೈಯನ್ನು ಸರಿಸಿ ಗಂಡನ ಮೊಣಕಾಲಿನ ಮೇಲೆ ತನ್ನ ಕೈಯಿಟ್ಟಳು. ಎಣ್ಣೆ ಮತ್ತು ಬಿಸಿನೀರಿಗೆ ಅದು ಹೊಳೆಯುತ್ತಿತ್ತು.

"ನಾಕ ವರ್ಷ ಆತು, ದಿನಾ ರಾತ್ರಿ ಈ ಮಣಕಾಲಿಗೆ ಎಣ್ಣಿ ತಿಕ್ಕಿದಾಕಿ ನಾ," ಎಂದಳು. "ಆ ಸಪ್ಪಳ ನಿನಗೊಬ್ಬಾಕಿಗೆ ಕೇಳಸ್ತಿತ್ತೇನು? ನನಗ ಹೇಳಿದ್ರ ನಾ ಏನ್ ಹೊಡೀತಿದ್ನೇನ ನಿನ್ನ? ಸುಳ್ಳ ಯಾಕ ಹೇಳಿದಿ?"

ಶಿವಕುಮಾರಿ ಬೆಳಗಿನಿಂದ ತಡೆದಿಟ್ಟದ್ದು ಒಮ್ಮೆಲೇ ಬಂತು. ಅವ್ವನ ಹೆಗಲಿಗೆ ಬಾಯಿ ಒತ್ತಿ ಬಿಕ್ಕಿ ಬಿಕ್ಕಿ ಅತ್ತಳು. ಅವಳನ್ನು ಅಳಲು ಬಿಟ್ಟು ಹಾಲವ್ವ ಸಂಗಪ್ಪನ ಕಡೆ ತಿರುಗಿದಳು.

"ಅಣ್ಣಾರ, ಸಾಕು. ಹಗ್ಗ ಒಳಗಿಡ್ರಿ."

"ಹಂಗಂದ್ರ ಹೆಂಗಬೇ ಹಾಲವ್ವ? ಅಂಗೈಯಾಗ ಲಿಂಗ ಇಡಬೇಕು, ಅದನ್ನ ನೋಡಕೋತ ಕುಂಡ್ರಬೇಕು..."

"ಲಿಂಗ ಎದಿ ಮ್ಯಾಲ ಇಡ್ರಿ. ಕೈ ಅದರ ಮ್ಯಾಲ ಇಡ್ರಿ."

"ನಾಕ ಮಂದಿ ಕೇಳ್ತಾರ ನನ್ನ. ಏನಂತ ಹೇಳ್ಲಿ?"

"ಕುಂತ ಕುಂತ ದಣದಿದ್ದ, ಮಲಗಿಸಿದ್ವಿ ಅಂತ ಹೇಳ್ರಿ."

ಸಂಗಪ್ಪ ಹಗ್ಗವನ್ನು ಕೈಯಲ್ಲಿ ಸುತ್ತಿದ, ಬಿಚ್ಚಿದ. ಅಲ್ಲಿದ್ದವರ ಮುಖ ಒಂದೊಂದನ್ನೇ ನೋಡಿದ. ತನ್ನ ಪರ ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಮೆತ್ತಗೆ ತನ್ನ ಮೊಣಕಾಲನ್ನೇ ಒಮ್ಮೆ ಸವರಿಕೊಂಡ. "ನನ್ನೂ ಹಿಂಗ ಮಾಡಿರಿ ಮತ್ತ. ಲೋಕಲ್ಲಿನ ಮೆಟ್ಟಲಾ ಏರಬೇಕಾರ ನೋಯ್ತಾವು," ಎಂದು ಗೊಣಗಿ ಫೋನು ತೆಗೆದ.

ರುದ್ರಭೂಮಿಯವನು ಫೋನಿನಲ್ಲಿ ಹಾರಾಡಿದ. ತೋಡಿದ ಕುಣಿಯನ್ನು ಮತ್ತೆ ಉದ್ದ ಮಾಡಬೇಕೆಂದರೆ ಇಬ್ಬರು ಆಳು, ಎರಡು ತಾಸು. ಎರಡು ಗಂಟೆಗೆ ಇನ್ನೊಂದು ಹೆಣ ಬರುವುದಿದೆ. ಸಂಗಪ್ಪ ಅವನಿಗಿಂತ ಜೋರಾಗಿ ಹಾರಾಡಿದ. ಕಡೆಗೆ ಆ ಕಡೆಯವನು ಸೋತು ಒಂದೇ ಪ್ರಶ್ನೆ ಕೇಳಿದ. ಸಂಗಪ್ಪ ಫೋನಿಗೆ ಕೈ ಅಡ್ಡ ಹಿಡಿದು ಎಲ್ಲರನ್ನೂ ನೋಡಿದ.

"ಉದ್ದ ಎಷ್ಟು ಅಂತ ಕೇಳಾಕತ್ತಾನ. ಈಗ ಹೇಳಬೇಕಂತ."

ಶಾಂತಪ್ಪ ಶರಣುವನ್ನು ನೋಡಿದ. ಶರಣು ಅವ್ವನನ್ನು ನೋಡಿದ. "ನನಗೇನ ಗೊತ್ತಪಾ," ಎಂದಳು ಹಾಲವ್ವ. "ಆಂವಾ ನೆಟ್ಟಗ ನಿಂತದ್ದ ನಾ ಯಾವಾಗ ನೋಡೀನಿ? ಕೆಲಸದಾಗ ಕುಂತಿರಾಂವ, ಮನಿಗೆ ಬಂದ್ರ ಈ ಗಿಡ್ಡ ಬಾಗಲಾಗ ಬಗ್ಗಿ ಬರಾಂವ."

ಕೊರಗಪ್ಪ ಅಳತೆಯ ಟೇಪು ಎಲ್ಲಿದೆಯೆಂದು ಹುಡುಕಲು ಹೋದ. ಶಿವಕುಮಾರಿ ಕಣ್ಣೊರೆಸಿಕೊಂಡಳು. ಟೇಬಲ್ಲಿನ ಕೆಳಗೆ ಅಪ್ಪ ಬೆನ್ನ ಮೇಲೆ ಮಲಗಿ ಸೀಮೆಸುಣ್ಣದಿಂದ ಏನೇನೋ ಲೆಕ್ಕ ಗೀಚುತ್ತಿದ್ದದ್ದು ಅವಳಿಗೆ ನೆನಪಿತ್ತು. ನೆಲಕ್ಕೆ ಕೈಯೂರಿ ಕೆಳಗೆ ತೂರಿದಳು. ಫೋನಿನ ಬೆಳಕು ಹಿಡಿದಳು. ಪ್ಲೇಟಿನ ಅಡಿಯಲ್ಲಿ, ಅಪ್ಪನ ಬೆನ್ನಿಗೆ ಸರಿಯಾಗಿ ಕೆಳಗೆ, ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವನ ದಪ್ಪ ಅಕ್ಷರಗಳಿದ್ದವು. 'ನಾನು ೫ ಅಡಿ ೧೧ ಇಂಚು. ನೆಲದಿಂದ ಮೊಣಕೈ ೩ ಅಡಿ ೮ ಇಂಚು.'

"ಐದಡಿ ಹನ್ನೊಂದಿಂಚು ಕಾಕಾ," ಎಂದು ಕೆಳಗಿನಿಂದಲೇ ಕೂಗಿದಳು.

ಶಾಂತಪ್ಪ ಟೇಬಲ್ಲಿನ ಅಂಚು ಹಿಡಿದು ತಲೆ ತಗ್ಗಿಸಿದ. "ನಾ ನಕ್ಕಿದ್ದೆನಲ್ಲೋ ಅವನ ಮಾರಿ ಮುಂದ," ಎಂದ. ಮೂಗಿನ ತುದಿಯಿಂದ ಹನಿ ಪ್ಲೇಟಿನ ಮೇಲೆ ಬಿತ್ತು.

ಮೈ ತೊಳೆದು, ಹೊಸ ಧೋತರ ಉಡಿಸಿ, ಹಣೆಗೆ ವಿಭೂತಿ ಹಚ್ಚಿದರು. ಹನ್ನೆರಡಕ್ಕೆ ಹೊರಟರು. ಟೇಬಲ್ಲು ಮುಂದೆ, ಮಂದಿ ಹಿಂದೆ. ಬಾಗಿಲು ಬಾಗಿಲಲ್ಲೂ ಜನ ನಿಂತು ನೋಡಿದರು. ಈ ಗಲ್ಲಿಯ ಕಿಟಕಿಗಳ ಗ್ರಿಲ್ಲುಗಳಲ್ಲಿ ಅರ್ಧಕ್ಕರ್ಧ ಅಣವೀರಪ್ಪ ಬೆಸೆದವು. ಅವುಗಳ ಹಿಂದೆ ನಿಂತ ಮಕ್ಕಳು ಕೂಡ ಅದೇ ಮಾತು ಆಡುತ್ತಿದ್ದವು, ಎಷ್ಟು ಉದ್ದ ಇದ್ದಾರೆ ನೋಡು ಎಂದು.

ಗಲ್ಲಿಯ ಬಾಯಲ್ಲಿ ಶರಣುವಿನ ಟೆಂಪೊ ಹಿಂದಿನ ಹಲಗೆ ಇಳಿಸಿ ನಿಂತಿತ್ತು. ಟೇಬಲ್ಲು ಅದಕ್ಕಿಂತ ತಗ್ಗಿನಲ್ಲಿತ್ತು. ಹೆಗಲು ಕೊಡಲು ನಾಲ್ವರು ಮುಂದೆ ಬಂದರು.

"ತಡೀರಿ," ಎಂದಳು ಶಿವಕುಮಾರಿ. "ಎತ್ತೂದು ಬ್ಯಾಡ. ಶರಣು, ಜ್ಯಾಕ್ ಒತ್ತು."

ಶರಣು ಬಗ್ಗಿದಾಗ ಕಾಲಿನ ಮೇಲಿನ ಬಿಳಿ ಪೇಂಟು ಅವನ ಕಣ್ಣಿಗೆ ಬಿತ್ತು. ಮೂರು ತೂತು, ಒಂದೊಂದರ ಪಕ್ಕ ಒಂದೊಂದು ಮಾತು. ಕೆಳಗಿನದಕ್ಕೆ 'ಕುಂತ್ರ'. ಮೇಲಿನದಕ್ಕೆ 'ನಿಂತ್ರ'. ನಡುವಿನದಕ್ಕೆ 'ಟೆಂಪೊ'.

"ಇದೇನಕ್ಕಾ?"

"ಗ್ರಿಲ್ಲು ಬೆಸೆದ ಮ್ಯಾಲ ಯಾರೂ ಎತ್ತಬಾರದಂತ. ಸೀದಾ ನಿನ್ನ ಟೆಂಪೊಕ್ಕ ಜಾರಿಸಬೇಕಂತ. ನೀ ದೀಪಾವಳಿಗೆ ಬಂದಾಗ ನಿನ್ನ ಗಾಡಿ ಅಳತಿ ತಗೊಂಡಿದ್ದ. ನೀ ಮಲಗಿದ್ದಿ."

ಶರಣು ಜ್ಯಾಕಿನ ಹಿಡಿಯನ್ನು ಒತ್ತಿದ. ಒತ್ತುತ್ತ ಒತ್ತುತ್ತ ಕಣ್ಣನ್ನು ತೋಳಿಗೆ ಒರೆಸಿಕೊಂಡ. ಹಿಡಿ ಬಿಡಲಿಲ್ಲ. ಪ್ಲೇಟು ಬೆರಳು ಬೆರಳಾಗಿ ಏರಿತು. ಶಾಂತಪ್ಪ ನಾಲ್ಕೂ ಪಿನ್ನು ತೂರಿಸಿದ. ಟೇಬಲ್ಲಿನ ಅಂಚೂ ಟೆಂಪೊದ ಅಂಚೂ ಒಂದಕ್ಕೊಂದು ಕೂಡಿದವು, ನಡುವೆ ಉಗುರು ಹೋಗುವಷ್ಟೂ ಏರುತಗ್ಗಿರಲಿಲ್ಲ. ಅಣವೀರಪ್ಪ ಯಾರ ಸೊಂಟವನ್ನೂ ಬಗ್ಗಿಸದೆ ಮಗನ ಗಾಡಿಯೊಳಗೆ ಜಾರಿದ. ಆ ಟೇಬಲ್ಲಿನಿಂದ ಹೋದ ಮೊದಲ ಮಾಲು ಅವನೇ.

ರುದ್ರಭೂಮಿಯಲ್ಲಿ ಆಳುಗಳು ಇನ್ನೂ ಮಣ್ಣು ಎತ್ತುತ್ತಿದ್ದರು. ಸುತ್ತಲಿನ ಸಮಾಧಿಗಳೆಲ್ಲ ಚೌಕಾಕಾರ, ಇದೊಂದು ಉದ್ದ. ಸಂಗಪ್ಪ ಎಲ್ಲರಿಗಿಂತ ಮೊದಲು ಕುಣಿಗಿಳಿದು, ತಾನೇ ಕೈಯಿಂದ ತಳದ ಮಣ್ಣು ಸಮ ಮಾಡಿದ. ತಲೆಯ ಕಡೆ ಒಂದು ಹಿಡಿ ಹೆಚ್ಚು ಹಾಕಿದ. ವಿಭೂತಿಯ ಮೇಲೆ, ಪತ್ರಿಯ ಎಲೆಗಳ ಮೇಲೆ ಅಣವೀರಪ್ಪನನ್ನು ಮಲಗಿಸಿದರು. ಆಚೆ ಎರಡು ಗಂಟೆಯವರು ಬಂದು ಕಾಯುತ್ತಿದ್ದರು.

*

ಸಂಜೆಗೆ ಮಂದಿ ಕರಗಿತು. ಕೊರಗಪ್ಪ ಒಂದು ಪಾತ್ರೆ ಉಪ್ಪಿಟ್ಟು ಇಟ್ಟು ಹೋಗಿದ್ದ, ಯಾರೂ ಮುಟ್ಟಿರಲಿಲ್ಲ. ಶರಣು ಗೋಡೆಗೆ ತಲೆಯಾನಿಸಿ ಕೂತಲ್ಲೇ ನಿದ್ದೆ ಹೋಗಿದ್ದ. ಹೆಣ ಇಟ್ಟ ಜಾಗದಲ್ಲಿ ದೀಪ ಹಚ್ಚಬೇಕೆಂದು ಸಂಗಪ್ಪ ಹೇಳಿ ಹೋಗಿದ್ದನಾದ್ದರಿಂದ ಹಾಲವ್ವ ಟೇಬಲ್ಲನ್ನು ತೊಳೆದು ಒರೆಸಿ, ಅದರ ನಡುವೆ ಹಣತೆ ಇಟ್ಟು ಬತ್ತಿ ಹೊತ್ತಿಸಿದ್ದಳು. ಆಮೇಲೆ ಬಾಗಿಲಲ್ಲಿ ತನ್ನ ಜಾಗದಲ್ಲಿ ಕೂತಳು.

ಶಿವಕುಮಾರಿಗೆ ಮಾತ್ರ ಕೂರಲಾಗಲಿಲ್ಲ. ಬಕೆಟ್ಟುಗಳನ್ನು ಹೋಟೆಲಿಗೆ ಕೊಟ್ಟು ಬಂದಳು. ಚಪ್ಪರ ಗುಡಿಸಿದಳು. ಒಣಗಿದ ನೆಲವನ್ನು ಇನ್ನೊಮ್ಮೆ ಗುಡಿಸಿದಳು. ಟೇಬಲ್ಲು ಇನ್ನೂ 'ಟೆಂಪೊ' ತೂತಿನಲ್ಲೇ ನಿಂತಿತ್ತು. ಅವಳು ಕಸಬರಿಗೆ ಗೋಡೆಗೆ ಒರಗಿಸಿ, ಬಗ್ಗಿ ಜ್ಯಾಕಿನ ಹಿಡಿ ಹಿಡಿದಳು.

"ಏನ್ ಮಾಡ್ತೀಬೇ? ದೀಪ ಐತಿ ಮ್ಯಾಲ."

"ಗೊತ್ತೈತಿಬೇ."

ಪಿನ್ನು ಕಿತ್ತು ಮೆಲ್ಲಗೆ ಒತ್ತಿದಳು. ದೀಪ ಅಲುಗದಂತೆ ಏರತೊಡಗಿತು. ಮೇಲಿನ 'ನಿಂತ್ರ' ತೂತಿಗೆ ಬಂದಾಗ ಪಿನ್ನು ಒಳಗೆ ಹೋಗಲಿಲ್ಲ. ತೂತಿನ ಒಳಗೆ ಪೇಂಟು ಹೆಪ್ಪುಗಟ್ಟಿತ್ತು, ಯಾರೂ ಇನ್ನೂ ಆ ಎತ್ತರಕ್ಕೆ ಅದನ್ನು ಏರಿಸಿಯೇ ಇರಲಿಲ್ಲ. ಅಪ್ಪನ ಸುತ್ತಿಗೆ ತಂದು ಮೆಲ್ಲಗೆ ಬಡಿದಳು. ಬಿಳಿ ಪುಡಿ ಉದುರಿತು. ಒಂದು, ಎರಡು, ಮೂರು, ನಾಲ್ಕೂ ಪಿನ್ನು ಕೂತವು.

ಎಣ್ಣೆ ತೀರುತ್ತ ಬಂದು ಬತ್ತಿ ಚಟಗುಟ್ಟಿತು.

"ಅಷ್ಟ ಮ್ಯಾಲ ಇಟ್ರ ನಾ ಎಣ್ಣಿ ಹೆಂಗ ಹಾಕಲಿ?" ಎಂದಳು ಹಾಲವ್ವ.

"ನಿಂತ ಹಾಕಬೇ."

ಹಾಲವ್ವ ಮಗಳ ಮುಖ ನೋಡಿದಳು. ಗೋಡೆ ಹಿಡಿದು ಎದ್ದಳು. ಎಣ್ಣೆಯ ಗಿಂಡಿ ಹಿಡಿದು ಟೇಬಲ್ಲಿನ ಹತ್ತಿರ ಬಂದಳು. ಗಿಡ್ಡ ಹೆಂಗಸು ಅವಳು, ಪ್ಲೇಟು ಅವಳ ಎದೆಯ ಮಟ್ಟಕ್ಕಿತ್ತು, ಹಣತೆ ಅದರಾಚೆ ನಡುವಿನಲ್ಲಿ. ಒಂದು ಕೈಯಿಂದ ಅಂಚು ಹಿಡಿದು ಮುಂದಕ್ಕೆ ವಾಲಿದಾಗ ಟೇಬಲ್ಲು ಮೆಲ್ಲಗೆ ಉರುಳಲು ನೋಡಿತು. ಶಿವಕುಮಾರಿ ಪಾದದಿಂದ ಬ್ರೇಕು ಒತ್ತಿದಳು. ಸುತ್ತ ಹೋಗಿ ನಾಲ್ಕನ್ನೂ ಒತ್ತಿ ಬಂದಳು.

ಹಾಲವ್ವ ಎರಡೂ ಹಿಮ್ಮಡಿ ಎತ್ತಿ, ಬೆರಳ ತುದಿಯ ಮೇಲೆ ನಿಂತು, ಕೈ ಚಾಚಿ ಎಣ್ಣೆ ಹಾಕಿದಳು.